ಕಬ್ಬಿನ ಕಾಟಾಕ್ಕೊಂದು ಮದರ್‌ಬೋರ್ಡ್

ಅಮಾವಾಸ್ಯೆಯ ದಿನ ಬೆಳಿಗ್ಗೆ ಜಮಖಂಡಿಯ ನನ್ನ ಕಂಪ್ಯೂಟರ್ ಅಂಗಡಿಯ ಶಟರ್ ಇನ್ನೂ ಅರ್ಧ ಎತ್ತಿದ್ದೆ, ಅಷ್ಟರಲ್ಲಿ ಫೋನು ಬಂತು. ಹಿಪ್ಪರಗಿ ಕಡೆಯ ಕಾಟಾದ ಮಾಲೀಕರ ಅಳಿಯ. "ಅಕ್ಕಾರ, ಕಂಪ್ಯೂಟರ್ ಚಾಲೂ ಆಗವಲ್ದು. ಟ್ರ್ಯಾಕ್ಟರ್ ಸಾಲು ಹಚ್ಚಿ ನಿಂತಾವ, ಲಗೂನ ಬರ್ರಿ" ಎಂದು ಹೇಳಿ ನನ್ನ ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟ. ಅವಸರದಲ್ಲಿರುವವರು ಫೋನು ಮಾಡಿದರೆ ನನಗೆ ಮೊದಲು ಸಿಟ್ಟೇ ಬರುತ್ತದೆ. ಆದರೆ ಕಬ್ಬಿನ ಹಂಗಾಮಿನಲ್ಲಿ ಕಾಟಾ ನಿಂತಿದೆ ಎಂದರೆ ಸಿಟ್ಟು ಮಾಡುತ್ತ ಕೂರಲು ಆಗುವುದಿಲ್ಲ. ಶಟರ್ ಮತ್ತೆ ಇಳಿಸಿ ಸಾಮಾನಿನ ಚೀಲ ಸ್ಕೂಟಿಗೆ ಹಾಕಿದೆ.

ಕಾಟಾ ಎಂದರೆ ನಮ್ಮ ಕಡೆ ಟ್ರ್ಯಾಕ್ಟರು, ಲಾರಿಗಳನ್ನು ಹತ್ತಿಸಿ ತೂಗುವ ಕಟ್ಟೆ. ರೈತರು ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಒಯ್ಯುವ ಮುನ್ನ ಇಲ್ಲಿ ತೂಗಿಸಿ ಪಾವತಿ, ಅಂದರೆ ತೂಕ ಅಚ್ಚಾದ ಚೀಟಿ, ತೆಗೆದುಕೊಳ್ಳುತ್ತಾರೆ. ಕಾರ್ಖಾನೆಯ ತೂಕದಲ್ಲಿ ಹೆಚ್ಚುಕಡಿಮೆ ಕಂಡರೆ ವಾದ ಮಾಡಲು ಕೈಯಲ್ಲಿ ಆ ಚೀಟಿ ಇರಬೇಕು. ದಾರಿಯುದ್ದಕ್ಕೂ ಬೇರೆ ಕಾಟಾಗಳೂ ಇವೆ. ಆದರೂ ಜನ ಈ ಕಾಟಾಕ್ಕೇ ಸರದಿ ಹಚ್ಚುವುದು ಮಾಲೀಕರ ಮುಖ ನೋಡಿ. ಸುತ್ತಲಿನವರೆಲ್ಲ ಅವರನ್ನು ಕಾಕಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರ ಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದೇ ಸಾಲು ಬರೆಸಿದ್ದಾರೆ: ಕೈಬರಹದ ಪಾವತಿ ಕೊಡುವುದಿಲ್ಲ. ಕೈಯಲ್ಲಿ ಬರೆದ ಅಂಕಿಯನ್ನು ತಿದ್ದಬಹುದು, ತಿದ್ದದಿದ್ದರೂ ತಿದ್ದಿದ ಎನ್ನಬಹುದು. ಹೀಗಾಗಿ ಕಂಪ್ಯೂಟರ್ ಸತ್ತರೆ ಅವರ ಕಾಟಾವೂ ಸತ್ತಂತೆ.

ನಾನು ಮುಟ್ಟುವಷ್ಟರಲ್ಲಿ ರಸ್ತೆಯ ತಿರುವಿನವರೆಗೂ ಕಬ್ಬಿನ ಟ್ರೇಲರುಗಳು ನಿಂತಿದ್ದವು. ಕಡಿದ ಕಬ್ಬು ಬಿಸಿಲಿಗೆ ನಿಂತಷ್ಟೂ ಒಣಗಿ ತೂಕ ಇಳಿಯುತ್ತದೆ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಎಲ್ಲರೂ ನನ್ನ ಚೀಲವನ್ನೇ ನೋಡುತ್ತಿದ್ದರು. ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ರವದಿಯ, ಅಂದರೆ ಒಣಗಿದ ಕಬ್ಬಿನ ಗರಿಯ ಧೂಳು, ಮೂಲೆಯಲ್ಲಿ ಹಲ್ಲಿಯ ಮೊಟ್ಟೆ. ನಾನು ತಂದಿದ್ದ ಬೇರೆ ಪವರ್ ಸಪ್ಲೈ ಹಚ್ಚಿ ನೋಡಿದೆ, ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ರ‍್ಯಾಮ್ ಕಿತ್ತು ಒರೆಸಿ ಹಾಕಿದೆ, ಆಗಲೂ ಅಷ್ಟೇ. ಕೊನೆಗೆ ಟಾರ್ಚು ಹಿಡಿದು ಬಗ್ಗಿ ನೋಡಿದರೆ ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ ತಲೆ ಉಬ್ಬಿ ರಸ ಸೋರಿತ್ತು. ಮದರ್‌ಬೋರ್ಡ್ ಹೋಗಿತ್ತು.

ಬೋರ್ಡ್ ಒಂದೇ ಬದಲಿಸಿದರಾಯಿತಲ್ಲ ಎಂದು ಅಳಿಯ ಕೇಳಿದ. ಅಂಥ ಬೋರ್ಡು ಈಗ ಯಾರೂ ಮಾಡುವುದಿಲ್ಲ. ಹೊಸ ಬೋರ್ಡು ತಂದರೆ ಅದರಲ್ಲಿ ಹಳೆಯ ಪ್ರೊಸೆಸರ್ ಕೂರುವುದಿಲ್ಲ, ಹಳೆಯ ರ‍್ಯಾಮ್ ಹಿಡಿಯುವುದಿಲ್ಲ. ಅಂದರೆ ಮೂರೂ ಹೊಸದು, ಒಂದು ಪೂರ್ತಿ ಹೊಸ ಕಂಪ್ಯೂಟರೇ ಕಟ್ಟಬೇಕು. ಕಾಕಾ ಹೊರಗಿನ ಹೊರಸಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಸಂಜೆಯೊಳಗೆ ಆಗುತ್ತದೆಯೇ ಎಂದಷ್ಟೇ ಕೇಳಿದರು. ನಾನು ಹೂಂ ಎಂದೆ. ಆಮೇಲೆ ಅಂಗಡಿಯವರೆಗೂ ಆ ಹೂಂ ನನ್ನ ಬೆನ್ನ ಮೇಲೆ ಕೂತಿತ್ತು.

ಅಳಿಯ ತನ್ನ ಬೈಕಿನಲ್ಲಿ ನನ್ನ ಹಿಂದೆಯೇ ಬಂದ. ಒಳ್ಳೆಯ ಹುಡುಗ, ಆದರೆ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅರ್ಧ ಎಂಜಿನಿಯರ್ ಆಗಿದ್ದ. ಗಾಜಿನ ಕಪಾಟಿನಲ್ಲಿದ್ದ ಒಂದು ಬೋರ್ಡನ್ನು ಬಂದ ಕೂಡಲೇ ಬೊಟ್ಟು ಮಾಡಿ ತೋರಿಸಿದ. ರಬಕವಿಯ ಒಬ್ಬ ಕಾಲೇಜು ಹುಡುಗ ಆಟಕ್ಕೆಂದು ತರಿಸಿ ಆಮೇಲೆ ಬೇಡವೆಂದಿದ್ದ ಬೋರ್ಡು ಅದು. ಅಂಚಿಗೆಲ್ಲ ಬಣ್ಣದ ದೀಪ, ವೈಫೈ, ದೊಡ್ಡ ದೊಡ್ಡ ಹೀಟ್‌ಸಿಂಕು. ನಾಲ್ಕು ಅಂಕಿ ಓದಿ ಒಂದು ಚೀಟಿ ಮುದ್ರಿಸುವ ಕೆಲಸಕ್ಕೆ ಇದು ಮೂಗಿಗಿಂತ ಮೂಗುತಿ ಭಾರ ಎಂದೆ. ಮುಂದೆ ವರ್ಷಗಟ್ಟಲೆ ಚಿಂತೆ ಇರುವುದಿಲ್ಲವಲ್ಲ ಎಂದ ಅವನು.

ನನ್ನ ಚಿಂತೆ ಬೇರೆ ಇತ್ತು. ಕಾಟಾದ ಕೋಣೆಯ ಕಿಟಕಿಯಲ್ಲಿ ಕೆಂಪು ಅಂಕಿ ತೋರಿಸುವ ಒಂದು ಡಬ್ಬಿ ಇರುತ್ತದೆ. ಕಟ್ಟೆಯ ಕೆಳಗಿನ ಸೆನ್ಸರುಗಳಿಂದ ತೂಕ ಮೊದಲು ಬರುವುದು ಅದಕ್ಕೆ, ಅಲ್ಲಿಂದ ಒಂದು ಕೇಬಲ್ಲಿನಲ್ಲಿ ಕಂಪ್ಯೂಟರಿಗೆ. ಆ ಕೇಬಲ್ಲಿಗೆ ಬೇಕಾದದ್ದು ಒಂಬತ್ತು ಪಿನ್ನಿನ ಹಳೆಯ ಕಾಲದ ಸೀರಿಯಲ್ ಪೋರ್ಟ್. ಸತ್ತ ಬೋರ್ಡಿನ ಬೆನ್ನಿಗೇ ಅದಿತ್ತು. ಈ ದೀಪದ ಬೋರ್ಡಿನಲ್ಲಿ ಹೊರಗೂ ಇಲ್ಲ, ಒಳಗೂ ಇಲ್ಲ. ಆಫೀಸು ಕೆಲಸಕ್ಕೆಂದು ಮಾಡುವ ಸಾದಾ ಬೋರ್ಡುಗಳಲ್ಲಿ ಮಾತ್ರ ಈಗಲೂ ಒಳಗೊಂದು ಮೂಲೆಯಲ್ಲಿ ಆ ಒಂಬತ್ತು ಪಿನ್ನುಗಳನ್ನು ಬಿಟ್ಟಿರುತ್ತಾರೆ. ಒಂದು ಪಟ್ಟಿ ಕೇಬಲ್ ಹಾಕಿ ಅದನ್ನು ಹಿಂದಕ್ಕೆ ತರಬಹುದು. ನೋಡಲು ಬಡವಾಗಿದ್ದರೂ ನನಗೆ ಬೇಕಿದ್ದದ್ದು ಅದೇ.

ನನ್ನಲ್ಲಿ ಆ ಬೋರ್ಡು ಇರಲಿಲ್ಲ. ವಿಜಯಪುರದ ಹೋಲ್‌ಸೇಲ್ ಅಂಗಡಿಗೆ ಫೋನು ಮಾಡಿದೆ. ಮಾಲು ಇದೆ, ಆದರೆ ಮಾಲೀಕ ಅಮಾವಾಸ್ಯೆಗೆ ದೇವರಿಗೆ ಹೋಗಿದ್ದಾನೆ, ಗೋದಾಮಿನ ಕೀಲಿ ಅವನ ಹತ್ತಿರ ಇದೆ, ನಾಳೆ ಮೊದಲ ಬಸ್ಸಿಗೆ ಕೊಟ್ಟು ಕಳಿಸುತ್ತೇವೆ ಎಂದರು. ಇನ್ನೊಬ್ಬನ ಬಳಿ ಹೆಸರಿಲ್ಲದ ಅಗ್ಗದ ಬೋರ್ಡು ಸಿಗುತ್ತಿತ್ತು. ಹಳೆಯ ಚಿಪ್ಪಿಗೆ ಹೊಸ ಬಣ್ಣ ಬಳಿದು ಮಾರುವ ಅಂಥದನ್ನು ನಾನು ಶತ್ರುವಿನ ಕಂಪ್ಯೂಟರಿಗೂ ಹಾಕುವುದಿಲ್ಲ. ಉಳಿದದ್ದು ಒಂದೇ ದಾರಿ: ದೀಪದ ಬೋರ್ಡು, ಮತ್ತು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ ಸೀರಿಯಲ್ ಕೇಬಲ್ ಹಚ್ಚುವ ಒಂದು ಕನ್ವರ್ಟರ್.

ಕನ್ವರ್ಟರ್ ಎಷ್ಟೋ ಕಡೆ ಹಾಕಿದ್ದೇನೆ, ನಡೆದಿವೆ. ನಾಳೆಯವರೆಗೆ ತಡೆಯಿರಿ ಎಂದು ಅಳಿಯನಿಗೆ ಹೇಳಿ ನೋಡಿದೆ. ಅವನು ಫೋನಿನಲ್ಲಿ ಸರದಿಯ ಫೋಟೋ ತೋರಿಸಿದ. ಇನ್ನೂ ಉದ್ದವಾಗಿತ್ತು. ಇವತ್ತಿನ ಮಟ್ಟಿಗೆ ಇದು, ನಾಳೆ ಸಾದಾ ಬೋರ್ಡು ಬಂದ ಮೇಲೆ ಬದಲಿಸುತ್ತೇನೆ ಎಂದು ಒಪ್ಪಿಕೊಂಡೆ. ಮನಸ್ಸು ಒಪ್ಪಿರಲಿಲ್ಲ, ಕೈ ಮಾತ್ರ ಕೆಲಸ ಶುರು ಮಾಡಿತ್ತು.

ಮಧ್ಯಾಹ್ನದ ಹೊತ್ತಿಗೆ ಹೊಸ ಕಂಪ್ಯೂಟರು ಕಾಟಾದ ಕೋಣೆಯಲ್ಲಿ ಕೂತಿತು. ತೂಕದ ಪ್ರೋಗ್ರಾಂ ಹಾಕಿ, ಹಳೆಯ ಡಿಸ್ಕಿನಿಂದ ಲೆಕ್ಕದ ಫೋಲ್ಡರ್ ತಂದು, ಪೋರ್ಟಿನ ನಂಬರು ಕೊಟ್ಟೆ. ಪರದೆಯ ಮೇಲೆ ಸೊನ್ನೆ ಬಂತು. ಕಾಕಾ ತಮ್ಮ ಖಾಲಿ ಟ್ರ್ಯಾಕ್ಟರನ್ನು ತಾವೇ ಕಟ್ಟೆಯ ಮೇಲೆ ಹತ್ತಿಸಿದರು. ದಿನಾ ಬೆಳಿಗ್ಗೆ ಮೊದಲ ತೂಕ ಅದೇ. ಅದರ ಭಾರ ಎಷ್ಟೆಂದು ಸುತ್ತಲಿನವರಿಗೆಲ್ಲ ಬಾಯಿಪಾಠ. ಪರದೆಯಲ್ಲಿ ಸರಿಯಾಗಿ ಅಷ್ಟೇ ಬಂತು. ಸರದಿಯಲ್ಲಿದ್ದವರು ಉಸಿರು ಬಿಟ್ಟರು, ನಾನೂ ಬಿಟ್ಟೆ.

ಅಮಾವಾಸ್ಯೆ, ಮೇಲಾಗಿ ಹೊಸ ಯಂತ್ರ. ಪೂಜೆ ಇಲ್ಲದೆ ಹೇಗೆ? ಕಾಕಾ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿಯನ್ನು ನನ್ನ ಮಾತಿಗೆ ಬೆಲೆ ಕೊಟ್ಟು ಹೊರಗೆ ಒಡೆದರು. ದಪ್ಪನೆಯ ಒಂದು ಚೆಂಡು ಹೂವಿನ ಮಾಲೆ ತಂದಿದ್ದರು. ಕಂಪ್ಯೂಟರಿಗೆ ಹಾಕುತ್ತಾರೆ ಅಂದುಕೊಂಡೆ. ತೂಕ ಹುಟ್ಟುವುದು ಇಲ್ಲಿ, ದೇವರು ಇದೇ ಎಂದು ಅದನ್ನು ಕಿಟಕಿಯ ಕೆಂಪು ಅಂಕಿಯ ಡಬ್ಬಿಗೆ ಎರಡು ಸುತ್ತು ಸುತ್ತಿ ಇಳಿಬಿಟ್ಟರು. ಅಂಕಿ ಹೂವಿನ ಹಿಂದೆ ಮರೆಯಾಯಿತು. ಹೊಸ ಪರದೆಯಲ್ಲಿ ಅಂಕಿ ದೊಡ್ಡದಾಗಿ ಕಾಣುತ್ತಿದ್ದುದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಕೊಟ್ಟ ಕೊಬ್ಬರಿ ಬೆಲ್ಲ ತಿನ್ನುತ್ತ ಕೂತೆ.

ಬಿಸಿಲು ಇಳಿಯುವವರೆಗೆ ತೂಕ ಸರಾಗವಾಗಿ ನಡೆಯಿತು. ಅಳಿಯ ಗುಂಡಿ ಒತ್ತುವುದು, ಚೀಟಿ ಹರಿದು ಕೊಡುವುದು, ನಡುವೆ ಕ್ಯಾಬಿನೆಟ್ಟಿನ ಗಾಜಿನಲ್ಲಿ ಬಣ್ಣ ಬದಲಾಗುವ ದೀಪ ನೋಡುವುದು. ನಾನು ಹೊರಡಲು ಚೀಲ ಕಟ್ಟುತ್ತಿದ್ದೆ. ಆಗ ಹೊಲಗಳಿಗೆಂದು ದಿನಕ್ಕೆ ಕೆಲವೇ ಗಂಟೆ ಬಿಡುವ ತ್ರೀ ಫೇಸ್ ಕರೆಂಟ್ ಬಂತು. ಕಾಟಾದ ಕೋಣೆಗೂ ಹೊಲಗಳ ಪಂಪ್‌ಸೆಟ್ಟುಗಳಿಗೂ ಒಂದೇ ಟ್ರಾನ್ಸ್‌ಫಾರ್ಮರ್. ಕರೆಂಟ್ ಬಂದ ಕ್ಷಣ ಹೊಳೆಯ ದಂಡೆಯ ಮೋಟಾರುಗಳೆಲ್ಲ ತಾವಾಗಿಯೇ ಒಟ್ಟಿಗೆ ಎದ್ದವು. ಕೋಣೆಯ ಟ್ಯೂಬ್‌ಲೈಟು ಒಮ್ಮೆ ಮಂಕಾಗಿ ಮತ್ತೆ ಹತ್ತಿತು. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಅದು ಅಲುಗಲಿಲ್ಲ.

ಸ್ವಲ್ಪ ಹೊತ್ತಿಗೆ ಕಿಟಕಿಯ ಬಳಿ ಮಾತು ಬೆಳೆಯಿತು. ಮಧ್ಯವಯಸ್ಸಿನ ಒಬ್ಬ ರೈತ, ತಲೆಗೆ ಟವೆಲ್ಲು ಸುತ್ತಿದ್ದವನು, ಚೀಟಿಯನ್ನು ಅಳಿಯನ ಮುಂದೆ ಹಿಡಿದಿದ್ದ. ಅದರಲ್ಲಿ ಹನ್ನೆರಡು ಟನ್ ಮುನ್ನೂರ ನಲವತ್ತು ಎಂದಿತ್ತು. ಅವನಿಗಿಂತ ಮುಂಚೆ ತೂಗಿದ ಟ್ರೇಲರಿಗೂ ಅಷ್ಟೇ ಬಂದಿತ್ತು, ಒಂದು ಕಿಲೋ ಹೆಚ್ಚಿಲ್ಲ, ಕಡಿಮೆಯಿಲ್ಲ. "ಅವಂದು ಅರ್ಧ ಟ್ರೇಲರ್. ನಂದು ತುಂಬಿ ಚೆಲ್ಲಾಕತ್ತೈತಿ. ಎರಡಕ್ಕೂ ಒಂದ ತೂಕ ಹ್ಯಾಂಗ ಬರ್ತೈತಿ, ನೀವ ಹೇಳ್ರಿ" ಎಂದ. ಅವನು ಕೂಗಲಿಲ್ಲ. ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಸರದಿಯಲ್ಲಿದ್ದವರು ಒಬ್ಬೊಬ್ಬರಾಗಿ ಇಳಿದು ಬಂದರು. ಹಾಲಿಗೆ ಹುಳಿ ಹಿಂಡಲು ಎಷ್ಟು ಹೊತ್ತು ಬೇಕು? ಹೊಸ ಕಂಪ್ಯೂಟರು ಯಾಕೆ ತಂದರು ಎಂದು ಈಗ ತಿಳಿಯಿತು ಎಂದು ಹಿಂದಿನಿಂದ ಒಬ್ಬ ಅಂದ. ಕಾರ್ಖಾನೆಯವರ ಜೊತೆ ಸೇರಿಕೊಂಡಿರಬೇಕು ಎಂದು ಇನ್ನೊಬ್ಬ. ಟವೆಲ್ಲಿನವನು ನೇರವಾಗಿ ಕಾಕಾನ ಕಡೆ ತಿರುಗಿ, ನೀವೂ ತೂಕದಲ್ಲಿ ಹೊಡೆಯಲು ಶುರು ಮಾಡಿದಿರೇನು ಎಂದು ಕೇಳಿಬಿಟ್ಟ. ಕಾಕಾ ಹೊರಸಿನಿಂದ ಎದ್ದು ನಿಂತರು. ಆ ಮುಖ ನೋಡಲು ನನ್ನಿಂದಾಗಲಿಲ್ಲ.

ನಾನು ಒಳಗೆ ಹೋಗಿ ಅವನ ಟ್ರೇಲರನ್ನು ಕಟ್ಟೆಯಿಂದ ಇಳಿಸಲು ಹೇಳಿದೆ. ಟ್ರೇಲರು ಇಳಿಯಿತು. ಕಟ್ಟೆ ಖಾಲಿ. ಪರದೆಯ ಮೇಲೆ ಇನ್ನೂ ಹನ್ನೆರಡು ಟನ್ ಮುನ್ನೂರ ನಲವತ್ತು. ಸೆಟ್ಟಿಂಗ್ ತೆರೆದು ನೋಡಿದೆ. ಮೋಟಾರುಗಳು ಎದ್ದಾಗಿನ ಹೊಡೆತಕ್ಕೆ ಕನ್ವರ್ಟರ್ ಒಂದು ಕ್ಷಣ ಬಿಟ್ಟು ಮತ್ತೆ ಹಿಡಿದಿತ್ತು. ಹಿಡಿಯುವಾಗ ಬೇರೆ ಪೋರ್ಟ್ ನಂಬರು ತೆಗೆದುಕೊಂಡಿತ್ತು. ಪ್ರೋಗ್ರಾಮು ಹಳೆಯ ನಂಬರಿನ ಬಾಗಿಲಲ್ಲೇ ನಿಂತು, ಕರೆಂಟ್ ಬರುವ ಮುಂಚೆ ಕೊನೆಗೆ ಕೇಳಿದ ತೂಕವನ್ನೇ ಬಂದವರಿಗೆಲ್ಲ ಹೇಳುತ್ತಿತ್ತು.

ಅಳಿಯನಿಗೂ ಅರ್ಥವಾಗಿತ್ತು. ನನ್ನ ಕಿವಿಯ ಹತ್ತಿರ ಬಂದು, "ಪ್ರೋಗ್ರಾಂ ಬಂದ್ ಮಾಡಿ ಚಾಲೂ ಮಾಡ್ರಿ ಅಕ್ಕಾರ, ತೂಕ ಬರ್ತೈತಿ. ಪ್ರಿಂಟರ್ ತಪ್ಪಂತ ಹೇಳೂಣು" ಎಂದ. ಅವನು ಹೇಳಿದ್ದು ಸುಳ್ಳಲ್ಲ, ಹಾಗೆ ಮಾಡಿದರೆ ತೂಕ ಬರುತ್ತಿತ್ತು. ಜನ ತಣ್ಣಗಾಗುತ್ತಿದ್ದರು, ನಾನು ಮನೆಗೆ ಹೋಗುತ್ತಿದ್ದೆ. ಆದರೆ ನಾಳೆ ಕರೆಂಟ್ ಬಂದಾಗ ಮತ್ತೆ ಹೀಗೇ ಆದರೆ ಅದನ್ನು ಯಾರು ನೋಡುತ್ತಾರೆ? ನನ್ನ ಕೈ ಮೌಸಿನ ಮೇಲೆಯೇ ಇತ್ತು. ಕಾಕಾ ಬಾಗಿಲಿಗೆ ಬಂದು ನಿಂತಿದ್ದರು.

"ತಂಗೀ, ಖರೆ ಹೇಳು. ತಪ್ಪ ಯಾರದು?"

ನಾನು ಎದ್ದು ಕಿಟಕಿಯ ಡಬ್ಬಿಯ ಮೇಲಿನ ಚೆಂಡು ಹೂವನ್ನು ಎರಡೂ ಕೈಯಿಂದ ಸರಿಸಿದೆ. ಕೆಂಪು ಅಂಕಿಯಲ್ಲಿ ಸೊನ್ನೆ ಇತ್ತು. ಮಾನಿಟರನ್ನು ಹೊರಗಿನವರಿಗೆ ಕಾಣುವಂತೆ ತಿರುಗಿಸಿದೆ. "ಕಾಟಾ ಖರೆ ಐತ್ರಿ ಕಾಕಾ. ಸುಳ್ಳ ಹೇಳಾಕತ್ತಿದ್ದು ನಾ ತಂದ ಕಂಪ್ಯೂಟರ್" ಎಂದೆ. ಯಾವಾಗಿನಿಂದ ಎಂದು ಅವರು ಕೇಳಿದರು. ತ್ರೀ ಫೇಸ್ ಬಂದಾಗಿನಿಂದ. ಈಗ ಸರಿ ಮಾಡಬಹುದೇ ಎಂದರು. ಮಾಡಬಹುದು, ಆದರೆ ಮತ್ತೆ ಯಾವಾಗ ಕೈಕೊಡುತ್ತದೆ ಎಂದು ನನಗೆ ಹೇಳಲು ಬರುವುದಿಲ್ಲ, ಈ ಬೋರ್ಡಿನ ಮೇಲೆ ಇನ್ನೊಂದು ಚೀಟಿಯನ್ನೂ ಮುದ್ರಿಸಬೇಡಿ ಎಂದೆ.

ಹೊರಗೆ ಗಲಾಟೆಯೆದ್ದಿತು. ಕೆಂಪು ಅಂಕಿ ಸರಿ ಇದೆಯಲ್ಲ, ಅದನ್ನೇ ನೋಡಿ ಬರೆದು ಕೊಡಿ ಎಂದು ನಾಲ್ಕಾರು ಮಂದಿ ಒತ್ತಾಯಿಸಿದರು. ಕಾಕಾ ಗೋಡೆಯ ಸಾಲನ್ನು ತೋರಿಸಿದರು. ಇವತ್ತು ಅವಸರಕ್ಕೆ ಬರೆದು ಕೊಟ್ಟರೆ ನಾಳೆ ಅಚ್ಚಿನ ಚೀಟಿಯನ್ನೂ ಯಾರೂ ನಂಬುವುದಿಲ್ಲ ಎಂದರು. ಕಟ್ಟೆಗೆ ಅಡ್ಡಲಾಗಿ ಸರಪಳಿ ಎಳೆದು ಬೀಗ ಹಾಕಿದರು. ಸರದಿಯಲ್ಲಿ ಬಹಳ ಮಂದಿ ಬೈದುಕೊಳ್ಳುತ್ತ ಬೇರೆ ಕಾಟಾದ ಕಡೆ ಹೊರಟರು. ತಪ್ಪು ಚೀಟಿ ಹಿಡಿದು ಹೋದ ಅರ್ಧ ಟ್ರೇಲರಿನವನನ್ನು ಹುಡುಕಲು ಅಳಿಯ ತಾನಾಗಿಯೇ ಬೈಕು ಹತ್ತಿದ. ಆ ಮನುಷ್ಯ ಜಮಖಂಡಿ ದಾರಿಯ ಚಹಾದ ಅಂಗಡಿಯಲ್ಲಿ ಸಿಕ್ಕನಂತೆ. ತನ್ನ ಕಬ್ಬು ಇಷ್ಟು ತೂಗಿತಲ್ಲ ಎಂಬ ಖುಷಿಯಲ್ಲಿ ಎಲ್ಲರಿಗೂ ಚಹಾ ಹೇಳಿದ್ದ. ಚೀಟಿ ವಾಪಸು ಕೊಡಲು ಅವನಿಗೆ ಬಹಳ ಸಂಕಟವಾಯಿತಂತೆ.

ಹೋಗದೆ ಉಳಿದವನು ಟವೆಲ್ಲಿನವನೊಬ್ಬನೇ. ನೀವು ಏನು ಮಾಡುತ್ತೀರಿ ಎಂದು ನೋಡಿಯೇ ಹೋಗುತ್ತೇನೆ ಎಂದು ಟ್ರೇಲರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಅಲ್ಲೇ ಕೂತ. ಅವನ ಕಬ್ಬು ಒಣಗುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ಕಾಕಾನಿಗೂ ಗೊತ್ತಿತ್ತು. ನಾನು ಮನೆಗೆ ಬಂದು ಉಂಡದ್ದು ಏನೆಂದು ನೆನಪಿಲ್ಲ.

ಮರುದಿನ ಬೆಳಿಗ್ಗೆ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ವಿಜಯಪುರದ ಬಸ್ಸಿಗೆ ಕಾದು ಕಂಡಕ್ಟರನ ಕೈಯಿಂದ ಬೋರ್ಡಿನ ಡಬ್ಬಿ ಇಸಿದುಕೊಂಡೆ. ಅಲ್ಲೇ ಬಿಚ್ಚಿದೆ. ದೀಪವಿಲ್ಲ, ಗೀಪವಿಲ್ಲ. ಮೂಲೆಯಲ್ಲಿ ಎರಡು ಸಾಲಿನ ಒಂಬತ್ತು ಪಿನ್ನು. ಕಾಟಾಕ್ಕೆ ಹೋಗಿ ನಿನ್ನೆಯ ಬೋರ್ಡು ಕಳಚಿ, ಪ್ರೊಸೆಸರ್ ಎತ್ತಿ ಇದಕ್ಕೆ ಕೂರಿಸಿ, ಹೊಸ ಪೇಸ್ಟು ಹಚ್ಚಿ, ನನ್ನ ಹಳೆಯ ದಾಸ್ತಾನಿನಲ್ಲಿದ್ದ ಪಟ್ಟಿ ಕೇಬಲ್ ಸಿಕ್ಕಿಸಿದೆ. ಕಂಪ್ಯೂಟರು ಎದ್ದಿತು. ಪೋರ್ಟು ಕಂಡಿತು. ತೂಕ ಮಾತ್ರ ಬರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ಟವೆಲ್ಲಿನವನು ಕಿಟಕಿಯ ಸರಳು ಹಿಡಿದು ನನ್ನನ್ನೇ ನೋಡುತ್ತಿದ್ದ, ಕಾಕಾ ಅವನ ಪಕ್ಕದಲ್ಲಿ. ವೇಗದ ಸೆಟ್ಟಿಂಗ್ ತಿದ್ದಿದೆ, ಕೇಬಲ್ ಅಲುಗಾಡಿಸಿದೆ, ಮತ್ತೊಮ್ಮೆ ಚಾಲೂ ಮಾಡಿದೆ. ಬೋರ್ಡೇ ಕೆಟ್ಟದ್ದು ಬಂದಿದೆಯೇ ಎಂಬ ಅನುಮಾನ ಬಂತು. ಕೊನೆಗೆ ಮೀಟರು ತೆಗೆದು ಪಟ್ಟಿ ಕೇಬಲ್ಲಿನ ಒಂದೊಂದೇ ತಂತಿಯನ್ನು ಈ ತುದಿಯಿಂದ ಆ ತುದಿಗೆ ಹಿಡಿದು ನೋಡಿದೆ. ಆಗ ಹೊಳೆಯಿತು. ಈ ಪಟ್ಟಿ ಕೇಬಲ್ಲುಗಳಲ್ಲಿ ಎರಡು ಜಾತಿ. ಒಂದರಲ್ಲಿ ತಂತಿಗಳು ಒಂದರ ಪಕ್ಕ ಒಂದು ಬರುತ್ತವೆ, ಇನ್ನೊಂದರಲ್ಲಿ ಸಾಲು ಬಿಟ್ಟು ಸಾಲು. ನನ್ನದು ಈ ಬೋರ್ಡಿನ ಜಾತಿಯದಾಗಿರಲಿಲ್ಲ. ತೂಕ ಹೊತ್ತು ಬರುವ ತಂತಿ ಬೇರೆ ಪಿನ್ನಿಗೆ ಹೋಗಿ ಬಡಿಯುತ್ತಿತ್ತು.

ಬೇರೆ ಕೇಬಲ್ಲಿಗೆ ಮತ್ತೆ ವಿಜಯಪುರಕ್ಕೆ ಕೈ ಚಾಚುವ ಸಹನೆ ನನ್ನಲ್ಲಿರಲಿಲ್ಲ. ಕೆಂಪು ಅಂಕಿಯ ಡಬ್ಬಿಯಿಂದ ಬರುವ ತೂಕಕ್ಕೆ ನಿಜವಾಗಿ ಬೇಕಾದದ್ದು ಎರಡೇ ತಂತಿ. ಅವೆರಡನ್ನೂ ಕತ್ತರಿಸಿ, ಬೋರ್ಡಿನ ಪುಸ್ತಕದ ಚಿತ್ರ ನೋಡಿಕೊಂಡು ಸರಿಯಾದ ಪಿನ್ನಿಗೆ ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ ನಳಿಕೆ ಸೇರಿಸಿದೆ. ಬೆಸುಗೆಯ ಹೊಗೆ ಕಣ್ಣಿಗೆ ಹೋಗಿ ನೀರು ಬಂತು. ಅಷ್ಟೂ ಹೊಗೆಯದೇ ಎಂದು ಹೇಳಲಾರೆ. ಚಾಲೂ ಮಾಡಿದೆ. ಪರದೆಯಲ್ಲಿ ಸೊನ್ನೆ ಬಂತು, ಪಕ್ಕದ ಡಬ್ಬಿಯಲ್ಲೂ ಸೊನ್ನೆ.

ಕಾಕಾ ಖಾಲಿ ಟ್ರ್ಯಾಕ್ಟರು ಹತ್ತಿಸಿದರು, ಎರಡೂ ಕಡೆ ಸರಿಯಾದ ತೂಕ ಬಂತು. ಇನ್ನು ಸರಪಳಿ ತೆಗೆಯೋಣವೇ ಎಂದು ಅಳಿಯ ಕೇಳಿದ. ಕಾಕಾ ಬೇಡ ಎಂದರು. ತ್ರೀ ಫೇಸ್ ಬರಲಿ, ಅದು ಬಂದ ಮೇಲೆ ನೋಡೋಣ. ಕಾಯುವಾಗ ನಾನು ಕೋಣೆಯ ಹಿಂದಿನ ಅರ್ಥಿಂಗ್ ಗುಂಡಿ ನೋಡಿದೆ. ಕಲ್ಲಿನಂತೆ ಒಣಗಿತ್ತು. ಹೀಗಿದ್ದರೆ ಕರೆಂಟಿನ ಹೊಡೆತ ನೆಲಕ್ಕಿಳಿಯದೆ ಕೇಬಲ್ಲಿಗೇ ಬರುತ್ತದೆ. ಅಳಿಯ ಬೈಸಿಕೊಳ್ಳುವ ಮೊದಲೇ ಕೊಡ ಹೊತ್ತು ತಂದ. ಉಪ್ಪು ಸುರಿದು, ನೀರು ಗುಟುಗುಟು ಒಳಗಿಳಿಯುವವರೆಗೂ ಹೊಯ್ದೆವು.

ಕರೆಂಟ್ ಬಂದದ್ದು ಬಿಸಿಲು ನೆತ್ತಿಗೇರಿದಾಗ. ಕಟ್ಟೆಯ ಮೇಲೆ ಖಾಲಿ ಟ್ರ್ಯಾಕ್ಟರು ನಿಂತಿತ್ತು, ಒಳಗೆ ನಾವು ನಾಲ್ವರು ಎರಡು ಅಂಕಿಗಳ ಮುಂದೆ. ಹೊಳೆಯ ಕಡೆಯಿಂದ ಮೋಟಾರುಗಳ ಸದ್ದು ಎದ್ದಿತು. ಟ್ಯೂಬ್‌ಲೈಟು ಮಂಕಾಯಿತು. ಪರದೆಯ ಅಂಕಿ ಒಮ್ಮೆ ನಡುಗಿ ಅಲ್ಲೇ ನಿಂತಿತು. ನಾನು ಅದನ್ನು ನಂಬಲಿಲ್ಲ, ಟ್ರ್ಯಾಕ್ಟರನ್ನು ಇಳಿಸಿ ಎಂದೆ. ಇಳಿಯಿತು. ಕೆಂಪು ಅಂಕಿ ಸೊನ್ನೆಗೆ ಬಂತು. ಪರದೆಯೂ ಸೊನ್ನೆಗೆ ಬಂತು. ಮತ್ತೆ ಹತ್ತಿಸಿದರು, ಮತ್ತೆ ಇಳಿಸಿದರು. ಪ್ರತಿ ಸಲವೂ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದವು. ನಾನು ಖುರ್ಚಿಯಲ್ಲಿ ಕೂತುಬಿಟ್ಟೆ.

ಸರಪಳಿ ತೆಗೆದ ಮೇಲೆ ಮೊದಲ ತೂಕ ಟವೆಲ್ಲಿನವನದು. ಅವನು ಕಿಟಕಿಗೆ ಬಂದು ಕೆಂಪು ಅಂಕಿ ನೋಡಿದ, ಪರದೆ ನೋಡಿದ, ಚೀಟಿಯ ಮೇಲೆ ಬೆರಳಿಟ್ಟು ಓದಿದ. ಮೂರೂ ಒಂದೇ. ನಿನ್ನೆಯಿಂದ ಇವತ್ತಿಗೆ ಒಣಗಿ ಹೋದದ್ದು ಎಷ್ಟೆಂದು ಅವನೂ ಕೇಳಲಿಲ್ಲ, ಕಾಕಾನೂ ಹೇಳಲಿಲ್ಲ. ಚೀಟಿ ಮಡಚಿ ಜೇಬಿಗಿಟ್ಟು ಹೋಗುವವನು ನಿಂತ.

"ಕಾಕಾ, ನಿನ್ನಿ ನಾ ಆಡಬಾರದ ಮಾತ ಆಡಿದ್ನಿ" ಎಂದ.

"ನೀ ಆಡಿದ್ದಕ್ಕ ಕಾಟಾ ಉಳೀತು" ಎಂದರು ಕಾಕಾ. "ನನ್ನ ನಂಬಿ ಸುಮ್ನ ಚೀಟಿ ತಗೊಂಡ ಹೋದವರ ನನ್ನ ಮುಳಗಸ್ತಿದ್ರು."

ದೀಪದ ಬೋರ್ಡು ಈಗ ನನ್ನ ಗಾಜಿನ ಕಪಾಟಿನಲ್ಲೇ ಇದೆ. ಮುಂದಿನ ಅಮಾವಾಸ್ಯೆಗೆ ಪ್ರಿಂಟರಿನ ರಿಬ್ಬನ್ ಕೊಡಲೆಂದು ಹೋದಾಗ ಕಾಟಾದಲ್ಲಿ ಪೂಜೆ ಮುಗಿದಿತ್ತು. ಗೋಡೆಯ ಹಳೆಯ ಸಾಲಿನ ಕೆಳಗೆ ಹಸಿ ಬಣ್ಣದಲ್ಲಿ ಇನ್ನೊಂದು ಸಾಲು: ಅಂಕಿ ನೋಡಿ ಪಾವತಿ ತೆಗೆದುಕೊಳ್ಳಿ. ಚೆಂಡು ಹೂವಿನ ಮಾಲೆಯನ್ನು ಕಾಕಾ ಕಿಟಕಿಯ ಮೇಲಿನ ಮೊಳೆಗೆ ಹಾಕಿದ್ದರು. ಅದರ ಕೆಳಗೆ ಕೆಂಪು ಅಂಕಿ ರಸ್ತೆಯವರೆಗೂ ಕಾಣುತ್ತಿತ್ತು.